ಹಣೆ ಸವೆಸಿದ ಗೋಡೆ

"ಬಂದೋರನ್ನ ಎಲ್ಲಾದ್ರೂ ಸುತ್ತಾಡಿಸು ತಾಯಿ, ಆ ಗೋಡೆ ಹತ್ರ ಮಾತ್ರ ಆಟ ಬೇಡ," ಎಂದಳು ಗುಡಿಸುವ ಅಜ್ಜಿ. "ಹಣೆ ಹಿಡ್ಕೊಳ್ಳುತ್ತೆ."

"ಹಿಡ್ಕೊಂಡ್ರೆ ನಿನ್ನ ಪೊರಕೇಲಿ ಬಿಡಿಸ್ಕೊಡು," ಎಂದು ನಕ್ಕಳು ಗೈಡಮ್ಮ.

ಆ ಹೆಸರು ಇಟ್ಟವರು ಕೋಟೆಯ ಕೆಲಸದವರೇ. ಅವಳು ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿತ್ತಷ್ಟೆ. ದೊರೆಮನೆತನದವರು ಊರಾಚೆಯ ತಮ್ಮ ಹಳೆಯ ಕೋಟೆಯನ್ನು ಜನರಿಗೆ ತೆರೆದಿಟ್ಟಿದ್ದರು. ದರ್ಬಾರು ಹಜಾರ, ಬೇಟೆಯ ಕೋಣೆ, ಬೆಳ್ಳಿಯ ತೊಟ್ಟಿಲು ಎಲ್ಲವನ್ನೂ ನೋಡಿ ಜನಕ್ಕೆ ಬೇಸರ ಬಂದಿತ್ತು. ಹೊಸದೇನಾದರೂ ಹುಡುಕಿ ಎಂದಿದ್ದರು ಚಿಕ್ಕರಾಣಿ. ಹುಡುಕಿದವಳು ಗೈಡಮ್ಮ: ಆಳುಗಳ ಓಣಿ.

ಅಡುಗೆಮನೆಗೂ ಊಟದ ಹಜಾರಕ್ಕೂ ನಡುವೆ ಕಿಟಕಿಯಿಲ್ಲದ ನಲವತ್ತು ಹೆಜ್ಜೆ. ನಡುಮಧ್ಯಾಹ್ನವೂ ಕತ್ತಲೆ. ಒದ್ದೆ ಸುಣ್ಣ, ಗಂಜಿ ಹಾಕಿದ ಬಟ್ಟೆ, ಹಳೆಯ ಬೆವರು, ಇವು ಸೇರಿ ಹುಳಿತ ವಾಸನೆ. ದೊರೆಮನೆಯವರು ಆ ದಾರಿಯಲ್ಲಿ ಬಂದರೆ ಆಳುಗಳು ಗೋಡೆಗೆ ಹಣೆ ಹಚ್ಚಿ ನಿಲ್ಲಬೇಕಿತ್ತು. ಆಳಿನ ಮುಖ ದೊಡ್ಡವರ ಕಣ್ಣಿಗೆ ಬೀಳಬಾರದು. ಅವರು ದಾಟುವ ತನಕ ತಿರುಗಬಾರದು. ಏಳು ತಲೆಮಾರಿನ ಹಣೆಗಳು ಸವೆಸಿದ ಗುಳಿಗಳು ಗೋಡೆಯುದ್ದಕ್ಕೂ ಸಾಲುಗಟ್ಟಿದ್ದವು, ಎಣ್ಣೆಗಪ್ಪಾಗಿ, ನುಣ್ಣಗೆ.

"ಇಸ್ತ್ರಿ ಮಾಡೋಳೊಬ್ಬಳಿದ್ಲು," ಎಂದಳು ಅಜ್ಜಿ, ದನಿ ತಗ್ಗಿಸಿ. "ಕೂಸನ್ನ ಬಟ್ಟೆ ಬುಟ್ಟೀಲಿ ಮಲಗಿಸಿ ಇಲ್ಲೇ ನಿಂತಿದ್ಲು. ದೊಡ್ಡರಾಣಿ ಅತಿಥಿಗಳ ಜೊತೆ ಮಾತಿಗೆ ನಿಂತುಬಿಟ್ರು. ಕೂಸಿನ ಮೂತಿಗೆ ಬಟ್ಟೆ ಸುತ್ಕೊಳ್ತು. 'ಯಾವ ಬೆಕ್ಕು ಅದು ಮುಲುಗೋದು?' ಅಂದ್ರು ರಾಣಿ. ಪಕ್ಕದಲ್ಲಿ ನಿಂತ ಆಳು, ನಮ್ಮೋಳೇ, ರಾಣೀನ ಮೆಚ್ಚಿಸೋಕೆ ಕಿಸಕ್ಕನೆ ನಕ್ಕಳು. ಅವ್ರು ಹೋಗೋ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಅದರ ಕೂದಲು ಸುಟ್ಟ ಬೂದಿ ತನ್ನ ಎದೆಹಾಲಲ್ಲಿ ಕಲಸಿ ಗೋಡೆಗೆ ಮೆತ್ತಿದ್ಲು. ಮಾಟ ರಾಣಿಗಲ್ಲ, ನಕ್ಕೋಳಿಗೆ. ಇಲ್ಲಿ ನಿಂತೋರ ಹೊಟ್ಟೇಲಿ ಹುಟ್ಟಿ, ಇಲ್ಲೇ ನಗೋರಿಗೆ."

"ಬಿಡಿಸೋಕೆ ದಾರಿ?"

"ಅದೇ ರಕ್ತದೋರು ಬದಲಿಗೆ ಹಣೆ ಕೊಡಬೇಕು."

"ಸದ್ಯ, ನಾನು ಬದುಕಿದೆ! ನಮ್ಮಪ್ಪ ಮೇಷ್ಟ್ರು. ನಮ್ಮ ವಂಶದಲ್ಲಿ ಯಾರೂ ಇನ್ನೊಬ್ಬರ ಬಟ್ಟೆ ಒಗೆದಿಲ್ಲ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಪೊರಕೆ ಎತ್ತಿಕೊಂಡು ಹೋದಳು.

ಕೆಲಸದ ಅರ್ಜಿಯಲ್ಲೂ ಗೈಡಮ್ಮ ಬರೆದದ್ದು ಅದನ್ನೇ. ನಿಜಕ್ಕೂ ಅವಳ ಅಮ್ಮ ಹದಿನೆಂಟು ವರ್ಷ ಇದೇ ಕೋಟೆಯ ಹಾಸಿಗೆ ಬಟ್ಟೆ ಒಗೆದವಳು. ಒಗೆಯುವ ಸೋಡಾ ತಿಂದುಹಾಕಿದ ಆ ಬೆರಳುಗಳೇ ಮಗಳನ್ನು ದೂರದ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದವು. ಕೆಲಸ ಸಿಕ್ಕ ದಿನ ಮಗಳು ಹೇಳಿದ್ದು ಒಂದೇ ಮಾತು: "ಅಲ್ಲಿಗೆ ಮಾತ್ರ ಬರಬೇಡ." ಓಣಿಯಲ್ಲಿ ಅವಳು ಆಳಿನಂತೆ ನಟಿಸಿ ತೋರಿಸುವ ಆಟ ಇವತ್ತೇ ಮೊದಲು; ಚಿಕ್ಕರಾಣಿಯೇ ಬಂದು ನೋಡುವವರಿದ್ದರು. ಮೆಚ್ಚಿದರೆ ಗೈಡುಗಳಿಗೆಲ್ಲ ಇವಳೇ ಮುಖ್ಯಸ್ಥೆ.

ಮೂರು ಗಂಟೆಯ ಗುಂಪು ಮುಂಬಾಗಿಲಿಂದ ಒಳಗೆ ಬಂತು. ಕೊನೆಯಲ್ಲಿ, ಗೆರೆ ಮುರಿಯದ ಇಸ್ತ್ರಿ ಬಟ್ಟೆಯುಟ್ಟು, ಚಪ್ಪಲಿ ಸದ್ದಾಗದಂತೆ ನಡೆಯುತ್ತ, ಅಮ್ಮ.

ಗೈಡಮ್ಮ ಅವಳ ತೋಳು ಹಿಡಿದಳು. ಕಂಬದ ಮರೆಗೆ ಎಳೆದೊಯ್ದಳು. "ಹೇಳಿರ್ಲಿಲ್ವಾ ನಿಂಗೆ?"

"ಬೈಬೇಡ್ವೇ ಪುಟ್ಟಿ. ಒಂದೇ ಒಂದು ಸಲ ಮುಂಬಾಗಿಲಿಂದ ಬರಬೇಕು ಅನ್ನಿಸ್ತು. ಹಿಂದೆ ನಿಂತ್ಕೋತೀನಿ. ಗುರುತು ಹೇಳಲ್ಲ."

ಆ ಕೊನೆಯ ಮಾತಿಗೆ ಗೈಡಮ್ಮನಿಗೆ ನೆಮ್ಮದಿಯಾಯಿತು. ನಾಚಿಕೆಯಾಗಬೇಕಿದ್ದ ಜಾಗದಲ್ಲಿ ನೆಮ್ಮದಿ.

ಓಣಿಯಲ್ಲಿ ದೀಪ ಸಣ್ಣದು ಮಾಡಿದಳು. ಚಿಕ್ಕರಾಣಿ ಬಾಗಿಲಲ್ಲಿ ನಿಂತಿದ್ದರು. "ದೊರೆ ಬರ್ತಿದ್ದಾರೆ! ಆಳುಗಳೇ, ಗೋಡೆಗೆ!" ಎಂದು ಕೂಗಿ, ಗೂನು ಬೆನ್ನು ಮಾಡಿ, ಕುಂಟುತ್ತ ಹೋಗಿ ಒಂದು ಗುಳಿಗೆ ಹಣೆಯಿಟ್ಟಳು. ಜನ ಗೊಳ್ಳೆಂದರು. ಅವಳೂ ಕಿಸಕ್ಕನೆ ನಕ್ಕಳು.

ಗುಳಿ ಅಳತೆ ತೆಗೆದಂತೆ ಕೂತಿತು. ಬೆಚ್ಚಗಿತ್ತು. ಒದ್ದೆಯಿತ್ತು. ಹುಳಿತ ಹಾಲಿನ ವಾಸನೆ ಮೂಗಿಗೆ ಅಡರಿತು.

ತಲೆ ಎತ್ತಹೋದಳು. ಬರಲಿಲ್ಲ.

ಎರಡೂ ಕೈ ಗೋಡೆಗೊತ್ತಿ ತಳ್ಳಿದಳು. ಚರ್ಮ ಹಿಗ್ಗಿತು. ಬಿಡಲಿಲ್ಲ. ಒಳಗೆ ಏನೋ ಚೀಪುತ್ತಿತ್ತು. ಪುಟ್ಟ ಬಾಯಿ. ಹಲ್ಲಿಲ್ಲದ ಬಾಯಿ. ಕೂಗಿದಳು. ಬಾಯಿಗೆ ಸುಣ್ಣ ತುಂಬಿತು. ಉಸಿರು ಕಟ್ಟಿತು. ಹಿಂದೆ ಚಪ್ಪಾಳೆ. ಇನ್ನೂ ಚಪ್ಪಾಳೆ. "ಎಂಥಾ ನಟನೆ!" ಯಾರೋ ಅಂದರು. ಕಣ್ಣು ಕತ್ತಲೆಗಟ್ಟಿತು.

ಚಪ್ಪಲಿ ಬಿಚ್ಚಿಟ್ಟ ಸದ್ದು. ಪಕ್ಕದಲ್ಲಿ ಸೋಪಿನ ಪರಿಮಳ.

"ಸರ್ಕೋ ಪುಟ್ಟಿ," ಎಂದಳು ಅಮ್ಮ ಕಿವಿಯಲ್ಲಿ. "ನಂಗೆ ಅಭ್ಯಾಸ ಇದೆ."

ಅಮ್ಮನ ಹಣೆ ಪಕ್ಕದ ಗುಳಿಯನ್ನು ಮುಟ್ಟಿತು. ಗೋಡೆ ಗೈಡಮ್ಮನನ್ನು ಉಗುಳಿತು. ಹಿಂದಕ್ಕೆ ಬಿದ್ದಳು; ಜನ ಎತ್ತಿ ನಿಲ್ಲಿಸಿ ಬೆನ್ನು ತಟ್ಟಿದರು.

"ಭೇಷ್!" ಎಂದರು ಚಿಕ್ಕರಾಣಿ. "ಮುಖ್ಯಸ್ಥೆ ಕೆಲಸ ನಿಂದೇ ಅಂದ್ಕೋ. ಆ ಮುದುಕೀನೂ ನೀನೇ ಕರೆಸಿದ್ದಾ? ನಿಮ್ಮೋರಾ?"

ಹೌದು ಎಂಬ ಮಾತು ಹಲ್ಲಿನ ತನಕ ಬಂತು. ಎಲ್ಲರೂ ನೋಡುತ್ತಿದ್ದರು. ಗೋಡೆಗೆ ಹಣೆಯಿಟ್ಟ ಅಮ್ಮನಿಗೆ ಕಿವಿ ಮಾತ್ರ ಇತ್ತು.

"ಅಲ್ಲ," ಎಂದಳು ಗೈಡಮ್ಮ. "ಹಿಂದೆ ಇಲ್ಲಿ ಒಗೆಯೋ ಕೆಲಸಕ್ಕಿದ್ರಂತೆ."

ಅಮ್ಮನ ಭುಜಗಳು ಒಮ್ಮೆ ನಡುಗಿ ನಿಂತವು. ಗೋಡೆಯೊಳಗೆ ಚೀಪುವ ಸದ್ದು ಜೋರಾಯಿತು. ಅದು ಯಾರಿಗೂ ಕೇಳಿಸಲಿಲ್ಲ. ಚಿಕ್ಕರಾಣಿ ಹೊರಟರು, ಜನ ಅವರ ಹಿಂದೆ ಹೋದರು. ಬಾಗಿಲು ಮುಚ್ಚಿತು.

"ಅಮ್ಮಾ!"

ಓಡಿಹೋಗಿ ಭುಜ ಹಿಡಿದು ಎಳೆದಳು. ಗೋಡೆ ಸುಲಭವಾಗಿ ಬಿಟ್ಟುಕೊಟ್ಟಿತು. ಅಮ್ಮನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಬಿಳಿಕೂದಲು. ತುರುಬು.

ಮತ್ತೊಂದು ಕಡೆಗೆ ತಿರುಗಿಸಿದಳು. ಅಲ್ಲೂ ತುರುಬು. ಬೆರಳಾಡಿಸಿ ಹುಡುಕಿದಳು, ಕಣ್ಣಿಗೆ, ಮೂಗಿಗೆ, ಬಾಯಿಗೆ. ಕೂದಲು. ಬರೀ ಕೂದಲು. ಅಮ್ಮನ ಮುಖ ಹೇಗಿತ್ತೆಂದು ನೆನೆಯಹೋದಳು. ಒಗೆಯುವ ಕಲ್ಲಿನ ಮೇಲೆ ಬಾಗಿದ ಬೆನ್ನೊಂದೇ ನೆನಪಾಯಿತು.

ಆ ಕೂದಲಿನ ಒಳಗಿಂದ, ಎಲ್ಲೋ ಆಳದಿಂದ, ಹದಿನೆಂಟು ವರ್ಷ ಪಳಗಿದ ವಿನಯದ ದನಿ ಬಂತು:

"ದೊಡ್ಡೋರೆಲ್ಲ ಹೋದ್ರಾ ಅಮ್ಮಾವ್ರೇ? ನಾನಿನ್ನು ತಿರುಗ್ಲಾ?"