ಮೊದಲು ನಿಂಬೆಹಣ್ಣಿಗೆ

“ಆ ಕರೀ ದಾರ ಸುತ್ತಿರೋ ಅರ ಒಂದ ಮಾತ್ರ ಇಲ್ಲೇ ಬುಟ್ಟುಬುಡು ಮನೋಹರಪ್ಪ. ಮಿಕ್ಕಿದ್ದೆಲ್ಲ ತಗೊಂಡೋಗು.”

ಕುದೂರಿನಲ್ಲಿ ಕುಲುಮೆ ಮುಚ್ಚಿ ಕೂತಿದ್ದ ರಾಮಲಿಂಗಯ್ಯನವರು ಹಳೇ ಉಕ್ಕಿನ ಚೀಲದ ಬಾಯಿಯನ್ನು ಹಿಡಿದುಕೊಂಡೇ ಇದ್ದರು.

“ಯಾಕೆ, ಕಚ್ಚುತ್ತಾ?” ಮನೋಹರ್ ನಕ್ಕ.

“ನಮ್ಮಪ್ಪಂಗೆ ಮಾಟ ಮಾಡ್ಸಿ ಇದ್ನ ಕುಲುಮೆ ಒಳಗೇ ಇಕ್ಕಿದ್ರು. ಹದಿನೈದು ವರ್ಸ ಕೊರಡಿನಂಗೆ ಮಲಗಿದ್ದ. ಮೈಮ್ಯಾಲೆ ಕೆಂಡ ಬಿದ್ರೂ ಗೊತ್ತಾಯ್ತಿರ್ಲಿಲ್ಲ. ಹಟ ಹಿಡ್ದು ಅಲಗು ಮಾಡ್ತೀಯ ಅಂದ್ರೆ, ಮೊದ್ಲು ನಿಂಬೆಹಣ್ಣು ಕುಯ್ಯಿ. ಅದು ಮೊದ್ಲು ಮುಟ್ಟಿದ ಮೈಯ ತಿಂತದೆ ಕಣಪ್ಪ.”

“ಕುಯ್ದು ಪಾನಕ ಮಾಡ್ಕೊಂಡು ಕುಡೀತೀನಿ ಬಿಡಿ ಯಜಮಾನ್ರೇ.”

ಬಿಡದಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಉಕ್ಕಿಗೆ ಹದ ಕೊಟ್ಟ ಕೈ ಅವನದು. ಈಗ ಹೆಂಡತಿ ಶ್ವೇತಳ ಊರಾದ ಚನ್ನಪಟ್ಟಣದಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ, ಬೊಂಬೆ ಕಡೆಯುವವರಿಗೆ ಸಣ್ಣ ಸಣ್ಣ ಉಳಿ ಮಾಡಿಕೊಡುತ್ತಿದ್ದ. ಈ ಸಲದ್ದು ಬಾಮೈದ ಜಯಕುಮಾರನಿಗೆ.

ಕಬ್ಬಿಣ ಉಜ್ಜುವ ಆ ಕರೀ ದಾರದ ಅರವನ್ನೇ ತುಂಡರಿಸಿ, ಉಜ್ಜಿ, ಒಲೆಗಿಟ್ಟ. ತೊಂಡೆಹಣ್ಣಿನ ಕೆಂಪು ಬಂತು. ಅಯಸ್ಕಾಂತ ಹಿಡಿದು ನೋಡಿದ, ಅಂಟಲಿಲ್ಲ. ಸರಿಯಾದ ಹದ. ಇಕ್ಕಳದಲ್ಲಿ ಎತ್ತಿ ಎಣ್ಣೆಗೆ ಅದ್ದಿದ.

ಚೊಂಯ್ ಅನ್ನಲಿಲ್ಲ. ಹೊಗೆ ಏಳಲಿಲ್ಲ. ಕಲ್ಲನ್ನು ಕೆಸರಿಗೆ ಇಟ್ಟ ಹಾಗೆ ಸುಮ್ಮನೆ ಇಳಿಯಿತು.

ಎಣ್ಣೆ ದಪ್ಪಗಾಗಿರಬೇಕು ಅಂದುಕೊಂಡ. ಶ್ವೇತಳ ಹಳೇ ಕೇಕ್ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಮೇಲೆ ಸಾಣೆ ಹಿಡಿದ. ಆಮೇಲೆ, ಇಪ್ಪತ್ತು ವರ್ಷದ ಅಭ್ಯಾಸದಂತೆ, ಎಡ ಮುಂಗೈ ಮೇಲೆ ಅಲಗನ್ನು ಒಮ್ಮೆ ಎಳೆದು ನೋಡಿದ. ಕೂದಲು ನುಣ್ಣಗೆ ಉದುರಿತು. ರೂಪಾಯಿಯಗಲ ಬೋಳಾಯಿತು.

ನಿಂಬೆಹಣ್ಣು ಅಡುಗೆಮನೆಯಲ್ಲೇ ಇತ್ತು. ನೆನಪೇ ಆಗಲಿಲ್ಲ.

ಮಾರನೆಯ ದಿನ ಆ ಬೋಳು ಜಾಗ ಜುಮ್ಮೆಂದಿತು. ಆಮೇಲೆ ಏನೂ ಅನ್ನಲಿಲ್ಲ. ಮೂರನೆಯ ದಿನ ಶೆಡ್ಡಿನಲ್ಲಿ ಮಾಂಸ ಸುಟ್ಟ ವಾಸನೆ.

“ರೀ! ಕೈ ನೋಡ್ಕಳ್ರೀ!”

ಶ್ವೇತಳ ಕಿರುಚಾಟಕ್ಕೆ ಕಣ್ಣು ತಗ್ಗಿಸಿದರೆ, ಎಡಗೈ ಒಲೆಯ ಅಂಚನ್ನು ಹಿಡಿದುಕೊಂಡಿತ್ತು. ಅಂಗೈ ಬಿಟ್ಟು ಬರಲಿಲ್ಲ. ಎಳೆದು ಬಿಡಿಸಬೇಕಾಯಿತು. ನೋವಿರಲಿಲ್ಲ. ಯಾರದೋ ಕೈ ನೋಡಿದಂತೆ ನೋಡಿದ.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದರು, ಸೂಜಿ ಚುಚ್ಚಿದರು. ಮೊಣಕೈವರೆಗೂ ಏನೂ ತಿಳಿಯಲಿಲ್ಲ. ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಕುದೂರಿಗೆ ಕರೆ ಮಾಡಿದ. ಶ್ವೇತ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

“ನಿಂಬೆಹಣ್ಣಿನ ಕಾಲ ಮುಗೀತು,” ಅಂದರು ರಾಮಲಿಂಗಯ್ಯ. “ಇನ್ನೊಬ್ಬರ ಮೈಗೆ ತಾಕಿದ್ರೆ ನಿನ್ನ ಬುಡ್ತದೆ. ಹಂಗಂತ ಯಾರ ಕೈಗೂ ಕೊಡಬ್ಯಾಡ ಕಣಪ್ಪ. ಹೂತಾಕ್ಬುಡು. ಅಲ್ಲಿಗೆ ನಿಲ್ತದೆ.”

“ಹೂತ್ರೆ ನನ್ನ ಕೈ?”

“ಹೋಗಿದ್ದು ಹೋದಂಗೇಯ.”

ಮರುದಿನ ಬೆಳಗ್ಗೆ ಶ್ವೇತಳೇ ಹಿತ್ತಲಲ್ಲಿ ಗುಂಡಿ ತೋಡಿಟ್ಟು, ಗಂಡನಿಗೆ ಕಾಫಿ ಲೋಟ ಕೊಟ್ಟಳು. ಪಟ್ಟಿಯಿಂದಾಚೆ ಇದ್ದ ಎಡಗೈ ಬೆರಳು ಮಡಿಸಿ ಅವನು ಲೋಟ ಹಿಡಿದ. ಬಿಸಿಯಿಲ್ಲ. ಹೂಳಲೆಂದು ಬಲಗೈಯಿಂದ ಉಳಿ ಎತ್ತಿಕೊಳ್ಳುವಷ್ಟರಲ್ಲಿ ಜಯಕುಮಾರ ಬಂದ. ಶ್ವೇತ ತಮ್ಮನಿಗೂ ಕಾಫಿ ತರಲು ಒಳಗೆ ಹೋದಳು.

“ಏನ್ ಭಾವ, ರೆಡಿಯಾಗೈತೆ, ಹೇಳೋದಲ್ವಾ!” ಉಳಿಯನ್ನು ಕಿತ್ತುಕೊಂಡ.

ಬೇಡ ಅನ್ನಬೇಕಿತ್ತು. ಒಂದೇ ಮಾತು. ಬಾಯಿ ಜೋಮು ಹಿಡಿದಿರಲಿಲ್ಲ. ನಾಲಗೆ ಚೆನ್ನಾಗಿತ್ತು. ಜಯಕುಮಾರ ತೋಳು ಮಡಿಸಿದ. ಮುಂಗೈ ಚಾಚಿದ. ಮನೋಹರ್ ನೋಡುತ್ತ ನಿಂತ. ಅಲಗು ಇಳಿಯಿತು. ಕೂದಲು ಉದುರಿತು.

“ಅಬ್ಬ, ಏನ್ ಹದ ಭಾವ! ಇಲ್ಲಿ ಒಸಿ ಜುಮ್ ಅಂತೈತೆ.”

“ಹೊಸಾ ಅಲಗಲ್ವಾ,” ಅಂದ ಮನೋಹರ್. “ಹಂಗೇ.”

ಶ್ವೇತ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಅದೇ ಹೊತ್ತಿಗೆ ಮನೋಹರನ ಎಡಗೈಯ ಬೆರಳು ಚುರ್ರೆಂದವು. ಲೋಟ ಜಾರಿ ಬಿತ್ತು. ಅವನು ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದುತ್ತಿದ್ದುದನ್ನು ಅವಳು ನೋಡಿದಳು. ಆಮೇಲೆ ತಮ್ಮನ ಮುಂಗೈ ನೋಡಿದಳು.