ಕೆಂಪು ದಾರದ ಡಬ್ಬಿ

ಟೆಂಟಿನೊಳಗೇ ಸ್ಟವ್ ಹಚ್ಚು ಎಂದವರು ಕ್ಯಾಂಪಿನ ಮಾಲೀಕರು. ಎರಡೂ ಕೈ ಸುಟ್ಟುಕೊಂಡವನು ಅಡುಗೆಯವನು. ವರದಿಯಲ್ಲಿ ಟೈಪಾದದ್ದು: "ಅಡುಗೆಯವನ ಅಜಾಗರೂಕತೆ."

ಆ ಸಾಲಿನ ಕೆಳಗೆ ಸ್ಟೋರ್ ನೋಡಿಕೊಳ್ಳುವವಳ ಸಹಿಗೆ ಜಾಗ ಬಿಟ್ಟಿತ್ತು. ಅವಳು ಅದನ್ನಿನ್ನೂ ನೋಡಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದಳು. ಮೈಯೆಲ್ಲ ಕೋಪ. ಅದೂ ಅವನ ಮೇಲೆ.

ಒಂದೂವರೆ ವರ್ಷ ಒಂದೇ ಪಾಠ ಹೇಳಿದ್ದಳು. ಸ್ಟವ್ ಟೆಂಟಿನ ಬಟ್ಟೆಯಿಂದ ಹತ್ತು ಹೆಜ್ಜೆ ದೂರ. ಗ್ಯಾಸ್ ಡಬ್ಬಿ ಬದಲಿಸುವುದು ಬಯಲಿನಲ್ಲಿ, ಸುತ್ತ ಎಲ್ಲೂ ಉರಿ ಇಲ್ಲದಾಗ. ಮಳೆ ಬರಲಿ, ಬಿರುಗಾಳಿ ಬರಲಿ, ಟೆಂಟಿನೊಳಗೆ ಬೆಂಕಿ ಇಲ್ಲ. ಸ್ಟೋರಿಗೆ ವಾಪಸಾದ ಪ್ರತಿ ಡಬ್ಬಿಯ ಬಾಯಿಗೆ ಬ್ರಷ್ಷಿನಿಂದ ಸೋಪಿನ ನೀರು ಸವರಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗುಳ್ಳೆ ಎದ್ದರೆ ಆ ಡಬ್ಬಿಯ ಕುತ್ತಿಗೆಗೆ ಕೆಂಪು ದಾರ. ಕೆಂಪು ದಾರ ಎಂದರೆ ಮುಟ್ಟಬೇಡ.

ಆ ಹುಚ್ಚಿಗೇ ಅವನು ಅವಳಿಗೆ 'ಗುಳ್ಳೆ' ಎಂದು ಹೆಸರಿಟ್ಟಿದ್ದ. ಅವಳು ತಿರುಗಿ 'ಸೌಟು' ಎಂದಿದ್ದಳು. ಸಾಮಾನು ಪಟ್ಟಿಯಲ್ಲಿ ತಲೆ ಹುದುಗಿಸಿದ್ದರೂ ಬಾಗಿಲಲ್ಲಿ ಬಂದು ನಿಂತ ನೆರಳು ಯಾರದು ಎಂದು ಅವಳಿಗೆ ತಿಳಿಯುತ್ತಿತ್ತು. ತಲೆ ಎತ್ತುತ್ತಿರಲಿಲ್ಲ. ಎತ್ತದೇ ಇರುವುದನ್ನು ಅವನು ನೋಡಲಿ ಎಂದೇ ಎತ್ತುತ್ತಿರಲಿಲ್ಲ.

ಈಗ ಅವನ ಎರಡು ಕೈಯೂ ಬ್ಯಾಂಡೇಜಿನಲ್ಲಿ ಎರಡು ಹೂಕೋಸುಗಳಂತೆ ಹೊದಿಕೆಯ ಮೇಲೆ ಬಿದ್ದಿದ್ದವು.

"ಬುದ್ಧಿ ಏನು ಮೇಯೋಕೆ ಹೋಗಿತ್ತಾ ನಿಂಗೆ?"

"ಸುಟ್ಟಿದ್ದು ಕೈ ರೀ, ಕಿವಿ ಅಲ್ಲ. ಸ್ವಲ್ಪ ಮೆಲ್ಲಗೆ ಬೈರಿ."

"ಮೆಲ್ಲಗಂತೆ! ಬೆಂಕಿ ಹಾಗಿರ್ಲಿ, ಬಾಗಿಲು ಮುಚ್ಚಿದ ಟೆಂಟಲ್ಲಿ ಸ್ಟವ್ ಉರಿಸಿದ್ರೆ ಗಾಳಿನೇ ವಿಷ ಆಗತ್ತೆ. ಹೊಗೆ ಕಾಣಲ್ಲ, ವಾಸನೆ ಬರಲ್ಲ. ಕೂತಲ್ಲೇ ಹೋಗ್ಬಿಡ್ತಿದ್ದೆ ನೀನು! ಎಷ್ಟು ಸಲ ಬಡ್ಕೊಂಡಿದೀನಿ ನಿನ್ನ ಹತ್ರ?"

ಅವನ ತುಟಿಯ ಮೂಲೆ ಅಲುಗಿತು. "ಬಂದಾಗಿಂದ ನೀನು, ನಿಂಗೆ, ನಿನ್ನ ಅಂತಿದೀರಿ. ಒಂದೂವರೆ ವರ್ಷ 'ನೀವು' ಕೇಳಿ ಕೇಳಿ ಸಾಕಾಗಿತ್ತು. ಇದಕ್ಕೆ ಕೈ ಸುಟ್ಕೋಬೇಕು ಅಂತ ಗೊತ್ತಿದ್ರೆ ಮೊದಲೇ ಸುಟ್ಕೋತಿದ್ದೆ."

ಅವಳ ಕೆನ್ನೆ ಕಾಯಿತು. ಕಾದಿದ್ದಕ್ಕೆ ಕೋಪ ಇನ್ನೂ ಏರಿತು. ಏನಾದರೂ ಮಾಡಬೇಕಲ್ಲ ಎಂದು ನೀರಿನ ಲೋಟ ಎತ್ತಿ, ಸ್ಟ್ರಾ ಹಾಕಿ ಅವನ ಬಾಯಿಗೆ ಹಿಡಿದಳು. ಅವನು ನೀರು ಕುಡಿಯುತ್ತ, ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡಿದ.

"ನೀರು ನೋಡ್ಕೊಂಡು ಕುಡಿ," ಎಂದಳು. "ಯಾವ ಡಬ್ಬಿ ಅದು?"

"ಬಾಯಿ ಹತ್ರ ನೆಗ್ಗಿತ್ತಲ್ಲ, ಅದು."

ಅವಳು ಲೋಟ ಕೆಳಗಿಟ್ಟಳು. "ಅದಕ್ಕೆ ದಾರ ಕಟ್ಟಿದ್ದೆ ನಾನು. ಎರಡು ಸುತ್ತು."

"ದಾರ ಇರ್ಲಿಲ್ಲ."

ಅವನು ಅವಳ ದಾರಗಳನ್ನು ಕದಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಇದ್ದಳು, ಅಷ್ಟೇ. ಆ ಗುಟ್ಟಿನ ಸಿಹಿ ಈಗ ಕಹಿಯಾಯಿತು.

"ನೀನೇ ಬಿಚ್ಕೊಂಡ್ಯಾ? ನಿನ್ನ ಹುಡುಗಾಟಕ್ಕೆ?"

ಅವನ ಮುಖದ ನಗು ಇಳಿಯಿತು. "ಗೂಟದಲ್ಲಿ ನನ್ನ ಅಂಗಿ ಇದೆ. ಜೇಬಲ್ಲೊಂದು ಬೆಂಕಿಪೊಟ್ಟಣ. ತೆಗೀರಿ."

ಪೊಟ್ಟಣದಲ್ಲಿ ಒಂದೂ ಕಡ್ಡಿ ಇರಲಿಲ್ಲ. ಇದ್ದದ್ದೆಲ್ಲ ಕೆಂಪು ದಾರ. ಒಂದೊಂದೂ ಇಡಿಯಾಗಿ, ಗಂಟಿದ್ದ ಜಾಗದಲ್ಲಿ ಮಾತ್ರ ಸುರುಳಿ ಸುರುಳಿ.

"ನೀವು ತೂತು ಹೊಡೆದು ಗುಜರಿಗೆ ಹಾಕಿದ ಖಾಲಿ ಡಬ್ಬಿಗಳದು ಮಾತ್ರ. ಒಂದೊಂದು ಗಂಟಿಗೆ ಅರ್ಧರ್ಧ ಗಂಟೆ ಕೂತಿದೀನಿ, ಹಾಳಾದ್ದು ಅಷ್ಟು ಬಿಗಿ. ನಿಮ್ಮ ಗಂಟನ್ನ ನಾನು ಬಿಚ್ತೀನಿ ರೀ. ಕತ್ತರಿ ಹಾಕಲ್ಲ."

ಅವಳು ಪೊಟ್ಟಣ ಮುಚ್ಚಿದಳು. ಮುಚ್ಚಲು ಬಹಳ ಹೊತ್ತು ಹಿಡಿಯಿತು.

"ಹಾಗಾದ್ರೆ ಒಳಗೆ ಯಾಕೆ ಹಚ್ಚಿದೆ?"

"ಗಾಳಿ ಜೋರಿತ್ತು, ಹೊರಗೆ ಉರಿ ನಿಲ್ತಿರ್ಲಿಲ್ಲ. ತಗ್ಗಲಿ ಅಂದೆ. ಗಿರಾಕಿಗಳು ಚಹಾಕ್ಕೆ ಕಾಯ್ತಿದಾರೆ, ಒಳಗೇ ಹಚ್ಚು ಅಂದ್ರು."

"ಯಾರು?"

"ಬಿಡಿ."

"ಸೌಟೇ, ಯಾರು?"

ಅವನು ಗೋಡೆಯ ಕಡೆ ನೋಡಿದ. "ನಿಮ್ಮ ಚಿಕ್ಕಪ್ಪ. ಆಗಲ್ಲ ಸಾರ್ ಅಂದೆ. 'ನನ್ನಣ್ಣನ ಮಗಳು ಪರೀಕ್ಷೆ ಮಾಡಿ ಕೊಟ್ಟ ಡಬ್ಬಿ ಕಣಯ್ಯ, ಅವಳ ಮೇಲೂ ನಂಬಿಕೆ ಇಲ್ವಾ?' ಅಂದ್ರು."

"ಅದಕ್ಕೆ?"

"ಅದಕ್ಕೇ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಒಳಗೆ ಹಚ್ಚಿದ್ದು ನನ್ನ ತಪ್ಪೇ. ನಿಮ್ಮ ಹೆಸರು ಕೇಳಿ ನಿಮ್ಮ ಪಾಠ ಮರೆತೆ."

ಪಕ್ಕದ ಟೆಂಟಿನಲ್ಲೇ ಗಿರಾಕಿಗಳಿದ್ದರು. ಡಬ್ಬಿಯಿಂದ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿದಾಗ, ಉರಿಯುವ ಸ್ಟವ್ವನ್ನು ಅವನು ಬರಿಗೈಯಲ್ಲೇ ಎತ್ತಿ ಬಯಲಿಗೆ ಎಸೆದಿದ್ದ. ಇದನ್ನು ಅವನು ಹೇಳಲಿಲ್ಲ. ಅವನನ್ನು ಕರೆತಂದವರಿಂದ ಕೇಳಿದ್ದ ನರ್ಸಮ್ಮ ಹೇಳಿದರು.

ಅವಳ ಕೋಪ ಹಾಸಿಗೆಯ ಮಗ್ಗುಲಿನಿಂದ ಎದ್ದು ಬಾಗಿಲ ಕಡೆ ತಿರುಗಿತು.

"ಜಗಳ ಬೇಡ," ಎಂದ ಅವನು. "ಸಾಕಿ ಬೆಳೆಸಿದವರು ಅವರು ನಿಮ್ಮನ್ನ."

"ನೀರು ಮುಗಿಸು."

"ಲೋಟ ಹಿಡಿಯೋರು ಹೊರಟ್ರೆ ಹೇಗೆ ಮುಗಿಸೋದು?"

ಅವಳು ನಿಂತಳು. ಕೊನೆಯ ಗುಟುಕಿನವರೆಗೂ ಲೋಟ ಹಿಡಿದಳು. ಬೆಂಕಿಪೊಟ್ಟಣವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದು ನನ್ನದು ರೀ!" ಎಂದ.

"ದಾರ ನನ್ನದು," ಎಂದು ಹೊರಟಳು.

ಆಫೀಸಿನಲ್ಲಿ ಮಾಲೀಕರ ಕುರ್ಚಿಯಲ್ಲಿ ಚಿಕ್ಕಪ್ಪ ಕನ್ನಡಕ ಒರೆಸುತ್ತ ಕುಳಿತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಶಾಲೆಗೆ ಬಿಟ್ಟವರು, ಸೈಕಲ್ ಕಲಿಸಿದವರು, ಈ ಸ್ಟೋರಿನ ಬೀಗದ ಕೈ ಕೊಟ್ಟವರು. ಮೊನ್ನೆ ಅವಳಿಗೆ ರಜೆ ಎಂದು ಕ್ಯಾಂಪಿನ ಸಾಮಾನು ಇದೇ ಆಫೀಸಿನಲ್ಲಿ ತಾವೇ ಕಟ್ಟಿಸಿ ಕಳಿಸಿದವರೂ ಅವರೇ.

"ಬಂದ್ಯಾ ಮಗಳೇ? ಹೇಗಿದಾನೆ? ಪಾಪ, ಒಳ್ಳೆ ಕೈರುಚಿ ಇತ್ತು. ನಾಳೆ ಅಗ್ನಿಶಾಮಕದವರು ವಿಚಾರಣೆಗೆ ಬರ್ತಾರೆ. ಇಲ್ಲೊಂದು ಸಹಿ ಹಾಕು."

ಅವಳು ಓದಿದಳು. ಡಬ್ಬಿ ಸುಸ್ಥಿತಿಯಲ್ಲಿತ್ತು. ಅಡುಗೆಯವನು ಸೂಚನೆ ಮೀರಿ ಒಳಗೆ ಸ್ಟವ್ ಹಚ್ಚಿದ್ದಾನೆ. ಅಜಾಗರೂಕತೆ. ಆ ಪದ ಯಾವತ್ತೂ ಅಪ್ಪಣೆ ಕೊಟ್ಟ ನಾಲಿಗೆಗೆ ಅಂಟಿಕೊಂಡದ್ದಿಲ್ಲ. ಕೆಲಸ ಮಾಡಿದ ಕೈಯನ್ನೇ ಹುಡುಕಿಕೊಂಡು ಹೋಗುತ್ತದೆ.

"ಇದಕ್ಕೆ ಸಹಿ ಬಿದ್ರೆ ಇನ್ಯಾವ ಕ್ಯಾಂಪಿನವರೂ ಅವನ ಕೈಗೆ ಬೆಂಕಿಪೊಟ್ಟಣ ಕೊಡಲ್ಲ."

"ಆ ಕೈಗೆ ಇನ್ನೆಲ್ಲಿಯ ಬೆಂಕಿಪೊಟ್ಟಣ, ಬಿಡು."

ಅವಳು ಬಗ್ಗಿ ಮೇಜಿನ ಕೆಳಗಿನ ಕಸದ ಬುಟ್ಟಿಯನ್ನು ಎಳೆದಳು. ಹರಿದ ಕಾಗದಗಳ ಅಡಿಯಲ್ಲಿ ಅದು ಸಿಕ್ಕಿತು. ಎರಡು ಸುತ್ತಿನ ಕೆಂಪು ದಾರ. ಗಂಟು ಕಟ್ಟಿದ ಹಾಗೇ ಇತ್ತು. ದಾರ ಮಾತ್ರ ಬೇರೆ ಕಡೆ ನೀಟಾಗಿ ತುಂಡಾಗಿತ್ತು.

ಅದನ್ನು ವರದಿಯ ಮೇಲಿಟ್ಟಳು. ಪೆನ್ನುಗಳ ನಡುವೆ ನಿಂತಿದ್ದ ಕತ್ತರಿಯನ್ನು ಇಬ್ಬರೂ ನೋಡಿದರು.

"ಒಂದು ಡಬ್ಬಿ ಕಮ್ಮಿ ಬಿದ್ದಿತ್ತು ಕಣಮ್ಮ," ಎಂದರು ಚಿಕ್ಕಪ್ಪ. "ನಿನ್ನ ಗುಳ್ಳೆ ಎಷ್ಟು ಮಹಾ, ಒಂದೋ ಎರಡೋ ಎದ್ದಿರ್ಬೇಕು."

"ಒಂದಾದ್ರೂ ಗ್ಯಾಸೇ ಅಲ್ವಾ ಚಿಕ್ಕಪ್ಪ ಹೊರಗೆ ಬರೋದು? ನೀವು ದಾರ ಕತ್ತರಿಸಿದ್ರಿ. ಆಮೇಲೆ ನನ್ನ ಹೆಸರು ಹೇಳಿ ಅವನ ಕೈಲಿ ಹಚ್ಚಿಸಿದ್ರಿ. ಡಬ್ಬಿ ಸಾಲ್ಲಿಲ್ಲ ಅಂತ ನನ್ನ ಹೆಸರನ್ನೂ ಉರುವಲು ಮಾಡ್ಕೊಂಡ್ರಿ."

"ದನಿ ತಗ್ಗಿಸು. ಮನೆಯವರು ಯಾರು, ಹೊರಗಿನವರು ಯಾರು ಅನ್ನೋದು ಮರೀಬೇಡ. ಏನಾಗ್ಬೇಕು ಅವನು ನಿನಗೆ?"

ಒಂದೂವರೆ ವರ್ಷ ಪಟ್ಟಿಯಲ್ಲಿ ತಲೆ ಹುದುಗಿಸಿ ತಪ್ಪಿಸಿಕೊಂಡಿದ್ದ ಪ್ರಶ್ನೆ. ಅವಳು ಈ ಸಲ ತಲೆ ಎತ್ತಿದಳು.

"ಸಂಜೆ ಹೋಗಿ ಅವನನ್ನೇ ಕೇಳ್ತೀನಿ. ಹೂಂ ಅಂದ್ರೆ ಗಂಡ ಆಗ್ತಾನೆ. ಊಹೂಂ ಅಂದ್ರೂ ಈ ಕಾಗದ ಸುಳ್ಳೇ."

ಚೀಲದಿಂದ ಬೆಂಕಿಪೊಟ್ಟಣ ತೆಗೆದಳು. ಅವನು ಬಿಚ್ಚಿ ಇಟ್ಟಿದ್ದ ದಾರಗಳಲ್ಲಿ ಉದ್ದನೆಯದೊಂದನ್ನು ಆರಿಸಿದಳು. ವರದಿಯನ್ನು ಸುರುಳಿ ಸುತ್ತಿ, ನಡುವಿಗೆ ದಾರ ಎರಡು ಸುತ್ತು ಹಾಕಿ, ಹಲ್ಲಿನಲ್ಲಿ ತುದಿ ಕಚ್ಚಿ ಗಂಟು ಬಿಗಿದಳು. ಚಿಕ್ಕಪ್ಪನ ಮುಂದಿಟ್ಟಳು.

"ಏನೇ ಇದು ಮಕ್ಕಳಾಟ?"

"ಗುಳ್ಳೆ ಎದ್ದಿದೆ. ಮುಟ್ಟಬೇಡಿ."

ಅವರ ಕೈ ಪೆನ್ನುಗಳ ಕಡೆ ಹೋಯಿತು. ಕತ್ತರಿ ಅಲ್ಲಿರಲಿಲ್ಲ. ಅದು ಅವಳ ಕೈಯಲ್ಲಿತ್ತು. ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಬಿಚ್ಚು ಅದನ್ನ," ಎಂದರು ಚಿಕ್ಕಪ್ಪ.

"ಬಿಚ್ಚಲ್ಲ."