ಪೂಜೆಗೆ ಕೂತ ಕಂಪ್ಯೂಟರ್

ವಿಜಯದಶಮಿಯಂದು, ಬನ್ನಿ ಎಲೆ ಕೊಡುವ ದಿನ, ನಮ್ಮ ನೀಲಗಂಗಮ್ಮ ಅಕ್ಕೋರ ಹೊಸ್ತಿಲಲ್ಲಿ ನಿಂತು ಯಾರಾದರೂ ಬನ್ನಿ ಬೇಡವೆಂದದ್ದನ್ನು ನಾನು ಕಂಡಿರಲಿಲ್ಲ. ೧೯೮೮ರ ದಸರೆಯಲ್ಲಿ ಶೇಖಮ್ಮ ಬೇಡವೆಂದಳು.

"ತಗೋ ಯವ್ವಾ, ಬಂಗಾರದ್ಹಂಗ ಇರೂಣ" ಎಂದು ನೀಲಗಂಗಮ್ಮ ಎಲೆ ಮುಂದೆ ಹಿಡಿದರೆ ಆ ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬಂಗಾರ ಆಮ್ಯಾಲ ನೋಡೂಣ್ರೀ ಅಕ್ಕೋರ. ಮೊದಲ ನನ್ನ ಹೆಸರು ನನಗ ಕೊಡಸ್ರಿ. ಇವತ್ತ ಮುಂಜಾನಿ ನಾಲ್ಕು ಮಂದಿ ಮುಂದ ನನಗ ದ್ರೋಹಿ ಅಂದಾರ."

ನೀಲಗಂಗಮ್ಮ ರಾಯಚೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಅಕ್ಕೋರು. ನಾನು ತಾಯಣ್ಣ, ಅದೇ ಶಾಲೆಯ ಡ್ರಿಲ್ ಮಾಸ್ತರ. ಊರಲ್ಲಿ ಏನು ಕಳೆದರೂ, ಯಾರ ಮೇಲೆ ಸುಳ್ಳು ಆಪಾದನೆ ಬಂದರೂ ಜನ ಠಾಣೆಗಿಂತ ಮೊದಲು ಅಕ್ಕೋರ ಮನೆ ಹುಡುಕಿಕೊಂಡು ಬರುತ್ತಿದ್ದರು. ಅವರು ತಲೆ ಓಡಿಸುತ್ತಿದ್ದರು, ನಾನು ಲೂನಾ ಓಡಿಸುತ್ತಿದ್ದೆ.

ಶೇಖಮ್ಮ ದೇವದುರ್ಗದವಳು, ಅಕ್ಕೋರ ಶಿಷ್ಯೆ. ಡಿಪ್ಲೊಮಾ ಮುಗಿಸಿ ಸ್ಟೇಷನ್ ರಸ್ತೆಯ ಗಡಿಗೆಪ್ಪ ಸಾಹುಕಾರರ ಕಚೇರಿಯಲ್ಲಿ ರೈಸ್ ಮಿಲ್ಲುಗಳ ನಕ್ಷೆ ಬಿಡಿಸುತ್ತಿದ್ದಳು. ಹಿಂದಿನ ವರ್ಷ ಸಾಹುಕಾರರು ಕಂಪ್ಯೂಟರ್ ತರಿಸಿದ್ದರು. ಅದರ ನಕ್ಷೆ ಸಾಫ್ಟ್‌ವೇರನ್ನು ಮೊದಲು ಪಳಗಿಸಿದವಳು ಇವಳೇ. ಈಗ ಅದರ ಹೊಸ ವರ್ಷನ್ ಬಂದಿತ್ತು. ಹೈದರಾಬಾದಿನ ಮಾರಾಟಗಾರ ಯಂಕಣ್ಣ ವಾರದಿಂದ ಲಾಡ್ಜಿನಲ್ಲಿ ಕೂತು ಕೊಳ್ಳಿರೆಂದು ಗಂಟುಬಿದ್ದಿದ್ದ. ಸಾಹುಕಾರರ ಹೆಂಡತಿಯ ಅಣ್ಣನ ಮಗ ಅಮರೇಶ, ಹೊಸ ಇಂಜಿನಿಯರ್, ಅವರ ಮನೆಯಲ್ಲೇ ಇರುವವನು, ಇವತ್ತೇ ಹಾಕೋಣ ಎನ್ನುತ್ತಿದ್ದ. ಶೇಖಮ್ಮ ಮಾತ್ರ ಮಾನ್ವಿಯ ಮಿಲ್ಲೂ ಸೇರಿ ಕೈಯಲ್ಲಿರುವ ಕೆಲಸ ಮುಗಿಯುವ ತನಕ ಬೇಡ ಎಂದು ಕಾಲೂರಿ ನಿಂತಿದ್ದಳು.

"ಏನಾತು?" ಅಕ್ಕೋರು ಕೇಳಿದರು.

"ನವಮಿ ಮುಂಜಾನಿ ಕಂಪ್ಯೂಟರಿಗೆ ಪೂಜಿ ಆತು. ನಾ ಬಸ್ಸಿಗೆ ಊರಿಗೆ ಹೋದೆ. ಇವತ್ತ ಬಂದು ಚಾಲೂ ಮಾಡಿದರ, ಮಾನ್ವಿ ನಕ್ಷಿ ಒಂದೂ ತೆರಿಯವಲ್ದು. ಎರಡು ಫ್ಲಾಪಿ ಮಾಡಿಟ್ಟಿದ್ದೆ, ಎರಡೂ ಹಂಗ. ಪೂಜಿ ಆದಮ್ಯಾಲ ಯಾರೂ ಮುಟ್ಟಿಲ್ಲ, ಅಂದಮ್ಯಾಲ ಪೂಜಿಗಿಂತ ಮೊದಲ ನೀನ ಕೆಡಿಸಿ ಹೋಗೀದಿ ಅಂತಾರ. ಹೊಸದು ಬರಬಾರದು ಅಂತ ಹಟಕ್ಕ ಮಾಡ್ಯಾಳ ಅಂತ ಅಮರೇಶ ಕಡ್ಡಿ ಆಡಿಸಿದ. ಸಾಹುಕಾರ್ರು ಹೊರಗ ನಡಿ ಅಂದ್ರು."

"ನೀ ಏನಂದಿ?"

"ಹೋಗಂಗಿಲ್ಲ ಅಂದೆ. ಕಚೇರಿ ಕಟ್ಟಿ ಮ್ಯಾಲ ಕೂತಿದ್ದೆ. ಇಲ್ಲಿಂದ ಮತ್ತ ಅಲ್ಲೇ ಹೋಗಿ ಕೂಡಾಕಿ."

ನನಗೆ ಆ ಹುಡುಗಿಯ ಮೇಲೆ ಭಾಳ ಅಭಿಮಾನ ಬಂತು. ಲೂನಾ ಹೊರಗೆ ತೆಗೆದೆ.

ಗಡಿಗೆಪ್ಪ ಸಾಹುಕಾರರು ಕೆಟ್ಟವರಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ಹರೆಯದಲ್ಲಿ ಹತ್ತಿ ಜಿನ್ನಿನ ಪಟ್ಟಿ ಅವರ ಬಲಗೈ ಉಂಗುರದ ಬೆರಳಿನ ಅರ್ಧ ತಿಂದಿತ್ತು. ಆ ಮೊಂಡ ಬೆರಳನ್ನೇ ಎದುರಿಗಿನವರತ್ತ ಆಡಿಸಿ ಮಾತಾಡುವುದು ಅವರ ರೂಢಿ. ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಒಳಗೆ ನಕ್ಷೆಯ ಮೇಜು, ಅಳತೆಪಟ್ಟಿ, ಫ್ಯಾನಿನ ಸ್ವಿಚ್ಚು, ಎಲ್ಲಕ್ಕೂ ಚೆಂಡುಹೂವು, ವಿಭೂತಿ. ಉಳಿದ ಸಾಮಾನುಗಳಿಗೆ ಎರಡೂವರೆ ಗೆರೆ ಎಳೆದು ಮುಗಿಸಿದ್ದ ಸಾಹುಕಾರರು ಕಂಪ್ಯೂಟರಿನ ಪೆಟ್ಟಿಗೆಗೆ ಮಾತ್ರ ಮೂರನ್ನೂ ತುಂಬ ಎಳೆದಿದ್ದರು. ಈ ಮುಂಜಾನೆ ಶೇಖಮ್ಮ ಫ್ಲಾಪಿ ಹಾಕಿದ ಬಾಯಿಯ ಬಳಿ ಒಡೆದಿದ್ದರೂ ಆಚೀಚೆ ಗೆರೆಗಳು ಚೆನ್ನಾಗಿಯೇ ಉಳಿದಿದ್ದವು. ದುಬಾರಿ ದೇವರಿಗೆ ಭಕ್ತಿ ಹೆಚ್ಚು ಎಂದು ನಾನು ಒಳಗೊಳಗೇ ನಕ್ಕೆ.

"ಪೂಜಿ ಮಾಡಿದವರು ಯಾರ್ರಿ?" ಅಕ್ಕೋರು ಕೇಳಿದರು.

"ನಾನರೀ. ಈ ಖೋಲ್ಯಾಗ ಬ್ಯಾರೆಯವರ ಕೈಗೆ ಇಬತ್ತಿ ಕೊಡಂಗಿಲ್ಲ."

"ಆಮ್ಯಾಲ ಯಾರೂ ಮುಟ್ಟಿಲ್ಲ?"

"ಪೂಜಿಗೆ ಕೂತ ಆಯುಧಾನ ದಶಮಿತನಕ ಯಾರರ ಮುಟ್ಟತಾರೇನ್ರಿ? ಕೀಲಿ ಒಂದು ಈಕಿ ಕಡೆ, ಇನ್ನೊಂದು ನಮ್ಮ ಮನಿ ಮೊಳಿಗೆ."

"ನಾ ಅಂತೂ ಈ ಕಡೆ ಹಾಯ್ದಿಲ್ಲ" ಎಂದ ಅಮರೇಶ, ಯಾರೂ ಕೇಳದಿದ್ದರೂ.

ಅಕ್ಕೋರು ಶೇಖಮ್ಮನನ್ನು ಒಳಗೆ ಕರೆದರು. ಅವಳು ಫ್ಲಾಪಿ ಹಾಕಿ ತೋರಿಸಿದಳು. ನಕ್ಷೆಗಳ ಹೆಸರುಗಳೆಲ್ಲ, ಒಂದೊಂದರ ಗಾತ್ರದ ಅಂಕಿಯೊಂದಿಗೆ, ಪರದೆಯ ಮೇಲೆ ಬಂದವು. ಒಂದನ್ನು ತೆರೆಯಹೋದರೆ ಸಾಫ್ಟ್‌ವೇರ್ ಒಲ್ಲೆ ಎಂದಿತು.

"ಹೆಸರು ಅದಾವ, ಮೈ ತೂಕನೂ ಅದ" ಎಂದರು ಅಕ್ಕೋರು. "ಅಳಿಸಿಲ್ಲ ಹಂಗಾದರ."

ಮರುದಿನ ಮಾನ್ವಿಗೆ ಹೋದೆವು. ಮಿಲ್ಲು ಕಟ್ಟಿಸುತ್ತಿದ್ದ ಬಸವಂತಮ್ಮ ಚಹಾ ಕೊಟ್ಟರು, ಜೊತೆಗೆ ಬೈಗುಳವನ್ನೂ ಕೊಟ್ಟರು. ಗಾರೆಯವರು ಬಂದು ಕೂತಿದ್ದರು, ಪಾಯ ತೋಡಲು ನಕ್ಷೆಯಿಲ್ಲ.

"ಬಾಯ್ಲರ್ ಖೋಲಿ ಬಾಗಲಾ ಪಡುವಣಕ್ಕ ಇಟ್ಟಿದ್ರು. ಉಮಿ ಬೂದಿ ಎಲ್ಲಾ ಒಣಾ ಹಾಕಿದ ಭತ್ತದ ಮ್ಯಾಲ ಹಾರತದ. ಮೂಡಣಕ್ಕ ತಿರುಗಸ್ರಿ ಅಂತ ನವಮಿ ಸಂಜಿಗೆ ಅಮರೇಶ ಬಂದಾಗ ಹೇಳಿದ್ದೆ. ಈಗ ನಕ್ಷಿನ ಇಲ್ಲ ಅಂತೀರಿ!"

ತಿರುಗಿ ಬರುವಾಗ ಅಕ್ಕೋರು ಅಂಚೆ ಕಚೇರಿಯಲ್ಲಿ ಲೂನಾ ನಿಲ್ಲಿಸಲು ಹೇಳಿ ಹೈದರಾಬಾದಿಗೆ ಟ್ರಂಕ್ ಕಾಲ್ ಹಚ್ಚಿದರು. ದಶಮಿಯ ಹೊತ್ತಿಗೆ ಊರಿಗೆ ಮರಳಿದ್ದ ಯಂಕಣ್ಣ ಹೊಸ ವರ್ಷನ್ನಿನೊಂದಿಗೆ ಬರಬೇಕು, ಅಷ್ಟೇ. ನನ್ನ ಅನುಮಾನವೆಲ್ಲ ಆ ಯಂಕಣ್ಣನ ಮೇಲೇ ಇತ್ತು. ಹಳೆಯದು ಕೆಟ್ಟರೆ ತಾನೆ ಹೊಸದಕ್ಕೆ ಗಿರಾಕಿ?

ಅವನು ಬಂದಿಳಿದ ಮೇಲೆ ಎಲ್ಲರೂ ಕಂಪ್ಯೂಟರಿನ ಕೋಣೆಯಲ್ಲಿ ಸೇರಿದೆವು. ಬಸವಂತಮ್ಮ ಕುರ್ಚಿಯಲ್ಲಿ ಕೂತರು. ಶೇಖಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ಕೂಡು ಎಂದರೂ ಕೂಡಲಿಲ್ಲ.

"ಮೊದಲ ಏನಾಗ್ಯದ ಅಂತ ನೋಡೂಣ" ಎಂದು ಅಕ್ಕೋರು ಪಾಠದ ದನಿ ತೆಗೆದರು. "ಹಗೆತನಕ್ಕ ಕೆಡಿಸೋರು ಫ್ಲಾಪಿ ಮುರೀತಾರ, ಇಲ್ಲಾ ಅಳಸ್ತಾರ. ಇಲ್ಲಿ ನಕ್ಷಿ ಸುರಕ್ಷಿತ ಅದಾವ, ಹಳೇ ವರ್ಷನ್ನಿಗೆ ಮಾತ್ರ ತಿಳೀವಲ್ವು. ಯಂಕಣ್ಣ, ಹಳೇದರಾಗಿನ ನಕ್ಷಿ ಹೊಸದರಾಗ ತೆರದು ಉಳಿಸಿದರ ಏನಾಗತದ?"

ಯಂಕಣ್ಣ ಬೆವರು ಒರೆಸಿಕೊಂಡ. "ಹೊಸದರ ನಮೂನಿಗೆ ಬದಲಾಗ್ತದಮ್ಮ. ಹಳೇದು ಮತ್ತ ಓದಲ್ಲ."

"ಹಾಲಿಗೆ ಹೆಪ್ಪು ಹಾಕಿದ್ಹಂಗ. ಮೊಸರು ಕೆಟ್ಟಿಲ್ಲ, ಆದರ ತಿರುಗಿ ಹಾಲಾಗಂಗಿಲ್ಲ. ಇಲ್ಲಿ ಯಾರೋ ಹೆಪ್ಪು ಹಾಕ್ಯಾರ. ಯಾವಾಗ? ಪೂಜಿಗಿಂತ ಮೊದಲ ಅಂತೀರಿ ಸಾಹುಕಾರ್ರ. ಈ ಖಾಲಿ ಕುರ್ಚಿಗೊಮ್ಮೆ ಇಬತ್ತಿ ಹಚ್ಚರಿ."

ಗಡಿಗೆಪ್ಪನವರು ಗೊಣಗುತ್ತಲೇ ವಿಭೂತಿ ನೆನೆಸಿ ಮೂರು ಬೆರಳಿಂದ ಎಳೆದರು. ಮೇಲಿನ ಎರಡು ಗೆರೆ ಉದ್ದಕ್ಕೆ ಬಂದವು. ಮೊಂಡ ಬೆರಳಿನ ಮೂರನೆಯದು ತುಸು ತಾಗಿ ಅರ್ಧಕ್ಕೇ ನಿಂತಿತು. ಅವರ ಕಣ್ಣು ತಾನಾಗಿ ಮೇಜಿಗೆ ಹೋಯಿತು, ಸ್ವಿಚ್ಚಿಗೆ ಹೋಯಿತು, ಕೊನೆಗೆ ಕಂಪ್ಯೂಟರಿಗೆ ಬಂದು ನಿಂತಿತು. ನಾನು ಭಕ್ತಿ ಎಂದು ನಕ್ಕದ್ದು ಏನೆಂದು ನನಗೆ ಆಗ ಹೊಳೆಯಿತು.

"ಇದು ನನ್ನ ಕೈ ಅಲ್ಲ" ಎಂದರು ಸಾಹುಕಾರರು, ಸಣ್ಣ ದನಿಯಲ್ಲಿ.

"ಅಲ್ಲ. ಫ್ಲಾಪಿ ಹಾಕುವಾಗ ನಿಮ್ಮ ಗೆರಿ ಉದುರಿತು. ಗೊತ್ತಾಗಬಾರದು ಅಂತ ಪೂರಾ ಒರಸಿ, ಹತ್ತೂ ಬೆರಳು ನೆಟ್ಟಗಿರೋ ಯಾರೋ ಮೂರು ಗೆರಿ ಎಳದಾರ. ಕೆಲಸ ಆಗಿದ್ದು ಪೂಜಿ ಆದಮ್ಯಾಲ. ಆವಾಗ ಶೇಖಮ್ಮ ದೇವದುರ್ಗದಾಗ ಇದ್ದಳು. ಯಂಕಣ್ಣ, ಈಗ ಹೊಸದು ಹಾಕಿ ಬಾಯ್ಲರಿನ ನಕ್ಷಿ ತೆಗಿ."

ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಮೂಡಿದವು. ಬಸವಂತಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯ, ಬಾಗಲಾ ಮೂಡಣಕ್ಕ ಅದ! ನಾ ಹೇಳಿದ್ದು ಅಮರೇಶಗ ಒಬ್ಬನಿಗೇ!"

ಅಮರೇಶನ ಮುಖ ಬಾಡಿತು. "ಮಾವಾ, ಕೆಡಸಬೇಕಂತ ಅಲ್ಲರೀ. ಹೊಸದರಾಗ ಎಷ್ಟು ಲಗೂನ ಆಗತದ ಅಂತ ನಿಮಗ ತೋರಸೋಣ ಅಂತ ನವಮಿ ರಾತ್ರಿ ಯಂಕಣ್ಣನ ಕಡಿಂದ ತಂದು ಹಾಕಿದೆ. ಎರಡೂ ಫ್ಲಾಪ್ಯಾಗ ಒಂದೇ ಇರಲಿ ಅಂತ ಎರಡರಾಗೂ ಉಳಿಸಿದೆ. ನಸುಕಿನಾಗ ಅವ ಅದನ್ನ ತಗೊಂಡು ಗಾಡಿ ಹತ್ತಿದ. ಮುಂಜಾನಿ ಶೇಖಮ್ಮ ಚಾಲೂ ಮಾಡಿದರ ಹಳೇದರಾಗ ನಕ್ಷಿ ತೆರೀಲಿಲ್ಲ... ಅಂಜಿಕಿ ಬಂತು."

ಯಂಕಣ್ಣ ನೆಲ ನೋಡುತ್ತಿದ್ದ.

"ಅಂಜಿಕಿ ಬಂದರ ಹೇಳಬೇಕಿತ್ತಲ್ಲೋ!" ನನಗೆ ತಡೆಯಲಾಗಲಿಲ್ಲ. "ತಪ್ಪು ಯಾರು ಮಾಡಂಗಿಲ್ಲ? ಅದನ್ನ ಒಂದು ಹೆಣ್ಣುಮಗಳ ತಲಿಗೆ ಕಟ್ಟಿ ಕೂತಿದ್ದಿಯಲ್ಲ, ನಾಚಿಕಿ ಆಗಲಿಲ್ಲ?"

ಸಾಹುಕಾರರು ಬಾಗಿಲ ಕಡೆ ತಿರುಗಿ, "ಶೇಖಮ್ಮ, ನಾಳಿಂದ ಬಾರವ್ವಾ" ಎಂದರು.

"ನಾಲ್ಕು ಮಂದಿ ಮುಂದ ದ್ರೋಹಿ ಅಂದ್ರಿ. ನಾಲ್ಕು ಮಂದಿ ಮುಂದ ಅದನ್ನ ಹಿಂದಕ್ಕ ತಗೋರಿ. ಆಮ್ಯಾಲ ಬರೋದು."

ಅಂಥ ಮಾತು ಆ ಕೋಣೆಯಲ್ಲಿ ಯಾರೂ ಆಡಿರಲಿಕ್ಕಿಲ್ಲ. ಸಾಹುಕಾರರ ಕಿವಿ ಕೆಂಪಾದವು. ಮೊಂಡ ಬೆರಳು ಮೇಲೇಳಲಿಲ್ಲ. "ತಪ್ಪಾತವ್ವಾ, ನಂದ ತಪ್ಪು" ಎಂದರು, ಎಲ್ಲರಿಗೂ ಕೇಳುವಂತೆ. ಅಮರೇಶನಿಂದಲೂ ಅನ್ನಿಸಿದರು. ಬಳಿಕ ಹಗುರಾದವರಂತೆ, "ಹೆಂಗೂ ಬಂದದ, ಇವತ್ತ ಹೊಸದು ಹಾಕಿಬಿಡೂಣ" ಎಂದರು.

"ಬ್ಯಾಡ" ಎಂದಳು ಶೇಖಮ್ಮ.

"ಇನ್ನೂ ಬ್ಯಾಡಂತೀಯಾ?"

"ಬಸವಂತಮ್ಮನವರ ನಕ್ಷಿ ಅದರಾಗ ತೆಗದು ಕೊಟ್ಟುಬಿಡೂಣ. ಬಾಗಲವಾಡದ ಮಿಲ್ಲಿಂದು, ಕಲ್ಮಲದ ಮಿಲ್ಲಿಂದು ಹಳೇದರಾಗ ಅರ್ಧಕ್ಕ ಅದಾವ. ಅವು ಮುಗೀಲಿ. ಹಳೇ ನಕಲು ಬ್ಯಾರೆ ಕಡೆ ಕೀಲಿ ಹಾಕಿ ಇಡೂಣ. ಆಮ್ಯಾಲ ನಾನ ಹೇಳ್ತೀನಿ, ಹಾಕ್ರಿ ಅಂತ. ಹೊಸದು ಬ್ಯಾಡಂತ ನಾ ಎಂದೂ ಅಂದಿಲ್ಲರೀ. ಈಗ ಬ್ಯಾಡ ಅಂದೀನಿ."

ಬೇಸಿಗೆಗೆ ಮೊದಲು ಆ ಎರಡೂ ಕೆಲಸ ಮುಗಿದವು. ಶೇಖಮ್ಮ ಹೇಳಿದ ದಿನವೇ ಹೊಸ ವರ್ಷನ್ ಬಂತು, ಒಂದು ನಕ್ಷೆಯೂ ಕೆಡಲಿಲ್ಲ. ಮುಂದಿನ ಆಯುಧ ಪೂಜೆಗೆ ನಮ್ಮಿಬ್ಬರಿಗೂ ಕರೆ ಇತ್ತು. ತಮ್ಮ ಹೊರತು ಯಾರ ಕೈಗೂ ವಿಭೂತಿ ಕೊಡದ ಸಾಹುಕಾರರು ಅಂದು ತಟ್ಟೆಯನ್ನು ಶೇಖಮ್ಮನ ಮುಂದೆ ಹಿಡಿದರು.

"ಈ ಸಲ ನೀನ ಹಚ್ಚವ್ವಾ."

ಅವಳು ನಗುತ್ತ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

"ಬ್ಯಾಡ್ರೀ ಸಾಹುಕಾರ್ರ, ನೀವ ಹಚ್ಚರಿ. ನಿಮ್ಮ ಮೊಂಡ ಬೆರಳ ನನ್ನ ಸಾಕ್ಷಿ."